ಕಲಂಬೋಲಿಯ ಗುಜರಿ ಗೇರ್‌ಬಾಕ್ಸ್: ಪ್ಲೇಟ್ ಓದಿ ತಗೊಳ್ಳಿ

ಹೆವಿ ಲಾರಿಯ ಗೇರ್‌ಬಾಕ್ಸ್ ಕೈಕೊಟ್ಟರೆ ಮುಂಬೈ–ಪುಣೆ ಕಡೆ ದಾರಿ ಮೂರು. ಶೋರೂಮಿನ ಹೊಸದಕ್ಕೆ ದುಡ್ಡಿದ್ದರೆ ಸಾಕು. ಟಾಟಾ ಗಾಡಿಗೆ ಹಳೆಯದನ್ನು ಕೊಟ್ಟು ತರುವ ಪ್ರೋಲೈಫ್ ಇದೆ, ಅಂದರೆ ಕಂಪನಿಯೇ ರಿಪೇರಿ ಮಾಡಿ ಮಾರುವ ಬಾಕ್ಸ್. ದುಡಿಯುವ ಗಾಡಿಗೆ ನಮ್ಮ ಮತ ಅದಕ್ಕೇ. ಉಳಿದದ್ದು ನವಿ ಮುಂಬೈನ ಕಲಂಬೋಲಿ, ಪುಣೆಯ ನಿಗಡಿ ಕಡೆಯ ಗುಜರಿ ಮಾಲು. ಅಗ್ಗ ನಿಜ, ಆದರೆ ನೋಡಿ ಆರಿಸುವ ಕೆಲಸವೆಲ್ಲ ನಿಮ್ಮದೇ.

ಮೊದಲು ಬಾಕ್ಸಿನ ಮೇಲಿನ ಮಾಡೆಲ್ ಪ್ಲೇಟ್ ಒರೆಸಿ ಓದಿ. ಝಡ್‌ಎಫ್ ಕಂಪನಿಯ 9ಎಸ್1110 ಎಂಬ ಒಂಬತ್ತು ಗೇರಿನ ಬಾಕ್ಸಿನಲ್ಲಿ ಟಿಡಿ, ಟಿಓ ಎಂಬ ಎರಡು ಬಗೆ, ಹೊರಗಿಂದ ಹೆಚ್ಚುಕಡಿಮೆ ಒಂದೇ ಥರ. ಟಿಡಿಯ ಕ್ರಾಲರ್ (ಎಲ್ಲಕ್ಕಿಂತ ಕೆಳಗಿನ ಗೇರ್) ಅನುಪಾತ 12.73, ಟಾಪ್ 1.00; ಅಂಕಿ ದೊಡ್ಡದಾದಷ್ಟೂ ಎಳೆತ ಹೆಚ್ಚು. ಟಿಓದ ಕ್ರಾಲರ್ 9.48, ಟಾಪ್ ಸುಮಾರು 0.75. ಹಿಂದಿನ ಕ್ರೌನ್ (ಆಕ್ಸಲ್ ಒಳಗೆ ಚಕ್ರ ತಿರುಗಿಸುವ ದೊಡ್ಡ ಹಲ್ಲುಚಕ್ರ) ಹಾಗೇ ಬಿಟ್ಟು ಟಿಡಿ ಜಾಗಕ್ಕೆ ಟಿಓ ಕೂರಿಸಿದರೆ ಪ್ರತಿ ಗೇರಿನಲ್ಲೂ ಕಾಲುಭಾಗ ಎಳೆತ ಹೋಯಿತು. ಲೋಡ್ ಹಾಕಿ ಖಂಡಾಲಾ ಘಾಟಿನಲ್ಲಿ ನಿಲ್ಲಿಸಿ ಎತ್ತುವಾಗ ಕ್ಲಚ್ ಪ್ಲೇಟ್ ಸುಡುತ್ತದೆ. ಬೈಗುಳ ಮಾತ್ರ ಡ್ರೈವರ್‌ಗೆ!

ಆಮೇಲೆ ಟೇಪು, ಕ್ಯಾಲಿಪರ್ ಹಿಡಿಯಿರಿ. ಇನ್‌ಪುಟ್ ಶಾಫ್ಟಿನ ಹಲ್ಲು, ದಪ್ಪ, ಉದ್ದ, ಬೆಲ್ ಹೌಸಿಂಗಿನ ಬೋಲ್ಟ್ ತೂತು, ಹಿಂದಿನ ಫ್ಲ್ಯಾಂಜ್, ಸ್ಪೀಡ್ ಸೆನ್ಸರ್. ಟಿಪ್ಪರ್ ಆದರೆ ಪಿಟಿಓ (ತೊಟ್ಟಿ ಎತ್ತುವ ಪಂಪ್ ತಿರುಗಿಸುವ ಭಾಗ) ಎಲ್ಲಿ ಕೂರುತ್ತದೆ, ಯಾವ ಕಡೆ ತಿರುಗುತ್ತದೆ ಎಂಬುದೂ ಬೇಕು. ಬಾಕ್ಸ್ ಉದ್ದ ಬೇರೆಯಾದರೆ ಹಿಂದಿನ ಆಕ್ಸಲ್ಲಿಗೆ ಹೋಗುವ ಜಾಯಿಂಟ್ ಶಾಫ್ಟ್ ಕತ್ತರಿಸಿ ಬ್ಯಾಲೆನ್ಸ್ ಮಾಡಿಸುವ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ.

ಆಯಿಲ್ ಇಳಿಸಿಯೇ ನೋಡಬೇಕು. ಚಿನ್ನದ ಬಣ್ಣದ ಪುಡಿ ತೇಲಿದರೆ ಸಿಂಕ್ರೋ ರಿಂಗ್ (ಗೇರ್ ಸಲೀಸಾಗಿ ಬೀಳಿಸುವ ಹಿತ್ತಾಳೆ ರಿಂಗ್) ಸವೆದಿದೆ. ಮ್ಯಾಗ್ನೆಟ್ ಪ್ಲಗ್‌ಗೆ ಉಕ್ಕಿನ ಚೂರು ಅಂಟಿದ್ದರೆ ಬೇರಿಂಗೋ ಹಲ್ಲೋ ಹೋಗಿದೆ, ಬಿಟ್ಟು ಬನ್ನಿ. ಮೌಂಟಿಂಗ್ ಕಿವಿಗೆ ಅಲ್ಯೂಮಿನಿಯಂ ವೆಲ್ಡಿಂಗ್ ಆಗಿದ್ದರೂ ಬೇಡ. ಗೇರಿನ ಎರಡು ಸಾಲು ಬದಲಿಸುವ ರೇಂಜ್ ಸಿಲಿಂಡರ್‌ಗೆ ಗಾಳಿ ಕೊಟ್ಟು ಹೈ–ಲೋ ಮಾಡಿಸಿ, ಸೋರುವ ಸದ್ದು ಕೇಳಿ. ಅಂಗಡಿಯವರ 'ಟೆಸ್ಟಿಂಗ್ ವಾರಂಟಿ' ಎಂದರೆ ಕೂರಿಸಿ ಒಂದು ಸುತ್ತು ಓಡಿಸುವ ತನಕ. ಗೇರ್ ತಾನಾಗಿ ಬಿಡುವ ರೋಗ ಖಾಲಿ ಗಾಡಿಯಲ್ಲಿ ಸುಲಭಕ್ಕೆ ಕಾಣದು, ಘಾಟಿನಲ್ಲಿ ಲೋಡ್ ಬಿದ್ದಾಗಲೇ ಗೊತ್ತಾಗೋದು. ಹಿತ್ತಾಳೆ ರಿಂಗಿನ ಬಾಕ್ಸಿಗೆ ಜಿಎಲ್-4 ದರ್ಜೆಯ ಆಯಿಲ್ ಹಾಕಿ. ಕ್ರೌನಿಗೆ ಹಾಕುವ ಜಿಎಲ್-5 ಮಿಕ್ಕಿದೆಯೆಂದು ಸುರಿದರೆ ಅದರ ಗಂಧಕ ರಿಂಗನ್ನು ತಿನ್ನುತ್ತದೆ.

ಎಲ್ಲ ಚಕ್ರಕ್ಕೂ ಎಳೆತವಿರುವ ಫೋರ್ ಬೈ ಫೋರ್, ಸಿಕ್ಸ್ ಬೈ ಸಿಕ್ಸ್ ಗಾಡಿಯಲ್ಲಿ ಮುಂದಿನ, ಹಿಂದಿನ ಆಕ್ಸಲ್ಲಿಗೆ ಎಳೆತ ಹಂಚುವ ಟ್ರಾನ್ಸ್‌ಫರ್ ಕೇಸ್‌ನಲ್ಲಿ ಮೋಸಹೋಗುವವರೇ ಹೆಚ್ಚು. 'ಸಾವಿರ ನ್ಯೂಟನ್ ಮೀಟರ್ ತಾಳುತ್ತೆ' ಅಂದರೆ ನಂಬಬೇಡಿ, ಅದು ಗೇರ್‌ಬಾಕ್ಸಿನ ಲೆಕ್ಕ. ಈ ಕೇಸ್ ಗೇರ್‌ಬಾಕ್ಸಿನ ಹಿಂದೆ ಕೂರುತ್ತದೆ. ಇಂಜಿನ್ 700 ನ್ಯೂಟನ್ ಮೀಟರ್ ತಿರುಚುಬಲ ಕೊಟ್ಟು ಕ್ರಾಲರ್ 12.73 ಇದ್ದರೆ ಅದರ ಬಾಯಿಗೆ ಬೀಳುವುದು ಸುಮಾರು 8,900.

ಮುಂದಿನ, ಹಿಂದಿನ ಕ್ರೌನ್ ಅನುಪಾತವೂ ಒಂದೇ ಇರಬೇಕು, ಟೈರ್ ಅಳತೆಯೂ. ಮುಂದೆ 6.17, ಹಿಂದೆ 5.86 ಇದ್ದರೆ ಮುಂದಿನ, ಹಿಂದಿನ ಚಕ್ರಗಳ ನಡುವೆ ಕಿಲೋಮೀಟರಿಗೆ 50 ಮೀಟರ್‌ನಷ್ಟು ಜಗ್ಗಾಟ. ಮಣ್ಣಿನಲ್ಲಿ ಟೈರ್ ಜಾರಿ ಸರಿಹೋಗುತ್ತದೆ. ಡಾಂಬರಿನಲ್ಲಿ ಜಾರದು, ಈ ವೇಗದ ವ್ಯತ್ಯಾಸ ತಾಳುವ ಡಿಫರೆನ್ಷಿಯಲ್ ನಡುವೆ ಇಲ್ಲದ ಕೇಸ್ ಆದರೆ ಒಳಗಿನ ಹಲ್ಲೇ ಮುರಿಯಬಹುದು. ಗುಜರಿಯಲ್ಲಿ ಟ್ರಾನ್ಸ್‌ಫರ್ ಕೇಸ್ ಕೊಳ್ಳುವುದಾದರೆ ಅದೇ ಗಾಡಿಯ ಎರಡೂ ಆಕ್ಸಲ್ ಸಮೇತ ಕೊಳ್ಳಿ, ಇಲ್ಲವೇ ಎರಡರ ಕ್ರೌನ್–ಪಿನಿಯನ್ ಹಲ್ಲು ಎಣಿಸಿದ ಮೇಲೆಯೇ ಅಡ್ವಾನ್ಸ್ ಕೊಡಿ.