ಅಗಲಿದವರಿಗಾಗಿ ಬರೆಯುವುದು: ಮುಕ್ತ ಬರಹವೋ, ಪತ್ರವೋ, ಕವಿತೆಯೋ?

ತಂದೆಯನ್ನು ಕಳೆದುಕೊಂಡ ದುಃಖದಲ್ಲಿ ಯಾವ ಬಗೆಯ ಬರವಣಿಗೆ ಆರಿಸಿಕೊಳ್ಳಲಿ ಎಂದು ಕೇಳಿದ್ದೀರಿ. ಆರಂಭಿಸಲು ಸುಲಭವಾದದ್ದು ಮುಕ್ತ ಬರಹ, ಅಂದರೆ ಮನಸ್ಸಿಗೆ ಬಂದದ್ದನ್ನು ತಿದ್ದದೆ, ತಡೆಯದೆ ಬರೆಯುತ್ತಾ ಹೋಗುವುದು. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ಸಹಲೇಖಕಿಯೊಂದಿಗೆ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ಸತತ ನಾಲ್ಕು ದಿನ, ದಿನಕ್ಕೆ 15 ನಿಮಿಷ ಬರೆದರು; ನೀವೂ ಅಷ್ಟರಿಂದಲೇ ಶುರುಮಾಡಬಹುದು. ಆದರೆ ನೋವಿನ ಕುರಿತು ಬರೆದ ಕೂಡಲೇ ಮನಸ್ಸು ಇನ್ನಷ್ಟು ಭಾರವಾಗುವುದೂ ಅಲ್ಲಿ ಕಂಡುಬಂದಿದ್ದರಿಂದ, ಸಾವು ಸಂಭವಿಸಿ ಕೆಲವೇ ದಿನಗಳಾಗಿದ್ದರೆ ಅವಸರ ಬೇಡ.

“ಅಪ್ಪಾ, ಆ ಸಂಜೆ ಆಸ್ಪತ್ರೆಯಿಂದ ಬೇಗ ಹೊರಟುಬಿಟ್ಟೆ” ಎಂಬಂತಹ, ಹೇಳದೆ ಉಳಿದ ಮಾತು ಕೊರೆಯುತ್ತಿದ್ದರೆ ಪತ್ರವೇ ಹೊಂದುತ್ತದೆ. ಅದನ್ನು ಯಾರಿಗೂ ತೋರಿಸಬೇಕಿಲ್ಲ. ಕವಿತೆ ಹೆಚ್ಚು ಶ್ರಮ ಬೇಡುತ್ತದಾದರೂ, ಅವರ ಕನ್ನಡಕದ ಸವೆದ ಕಡ್ಡಿಯಂತಹ ಒಂದೇ ವಿವರದಲ್ಲಿ ನೆನಪನ್ನು ಹಿಡಿದಿಟ್ಟು ವರ್ಷದ ತಿಥಿಯಂದು ಮನೆಯವರೆದುರು ಓದಬಯಸುವವರಿಗೆ ಅದು ಮೇಲು. (ಪ್ರಾಸಕ್ಕೆ ಜೋತುಬೀಳುವ ಅಗತ್ಯ ನನಗಂತೂ ಕಾಣದು.) ಊಟ, ನಿದ್ರೆ ತಿಂಗಳುಗಟ್ಟಲೆ ಕೆಟ್ಟಿದ್ದರೆ ಬರವಣಿಗೆಯೊಂದನ್ನೇ ನೆಚ್ಚಿಕೊಳ್ಳದೆ ಆಪ್ತಸಮಾಲೋಚಕರನ್ನು ಕಾಣಿರಿ ಅಥವಾ ಮಾನಸಿಕ ಆರೋಗ್ಯದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿರಿ.