ಮೂರು ಗೇರಿನ ಹಬ್: ಒಳಗಿನದೆಲ್ಲ ಗಟ್ಟಿ, ತಕರಾರು ಹೊರಗಿನ ಡಬ್ಬಿಯದು

ನಿಂತಲ್ಲೇ ಗೇರ್ ಬದಲಾಯಿಸಬಹುದು. ಹಬ್ ಗೇರ್, ಅಂದರೆ ಸೈಕಲ್ಲಿನ ಹಿಂಚಕ್ರದ ನಡುವಿನ ಗುಂಬದೊಳಗೇ (ಹಬ್) ಕೂತ ಗೇರ್, ಇದರ ಬಗ್ಗೆ ಕೇಳಿದವರಿಗೆಲ್ಲ ನಾನು ಮೊದಲು ಹೇಳುವುದು ಇದನ್ನೇ. ಮೂರನೇ ಗೇರಿನಲ್ಲಿ ಜೋರಾಗಿ ಬರುತ್ತಿದ್ದೀರಿ, ಎದುರಿಗೆ ಕೈಗಾಡಿ ಅಡ್ಡ ಬಂತು, ಬ್ರೇಕ್ ಹಿಡಿದು ನಿಂತಿರಿ. ಪೆಡಲ್ ತುಳಿಯದೆ ಸುಮ್ನೆ ಹಿಡಿಕೆ ತಿರುಗಿಸಿ ಒಂದಕ್ಕೆ ತಂದರೆ ಆಯಿತು, ಹಗುರಾಗಿ ಹೊರಡಬಹುದು. ಹಿಂದೆ ಹಲ್ಲಿನ ಚಕ್ರಗಳ ಗೊಂಚಲಿರುವ ಸೈಕಲ್ಲಿನಲ್ಲಿ ಇದು ಆಗುವುದಿಲ್ಲ. ಅಲ್ಲಿ ಚೈನು ಓಡುತ್ತಿದ್ದರೆ ಮಾತ್ರ ಗೇರ್ ಬೀಳುತ್ತದೆ. ನಮ್ಮ ಬೆಳಗಾವಿಯ ಶನಿವಾರ ಖೂಟದಲ್ಲಿ ಸಂಜೆ ಹಾದು ಹೋದವರಿಗೆ ಇದರ ಬೆಲೆ ಗೊತ್ತಾಗುತ್ತದೆ. ಅಲ್ಲಿ ಓಡುವುದಕ್ಕಿಂತ ನಿಲ್ಲುವುದೇ ಜಾಸ್ತಿ, ಅಲ್ವಾ?

ನನ್ನ ಮನೆ ವಡಗಾವಿಯಲ್ಲಿ. ರವಿವಾರ ಪೇಟೆಯ ಒಂದು ಹೋಲ್‌ಸೇಲ್ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಶಹಾಪುರ ದಾಟಿ ಕಪಿಲೇಶ್ವರ ಸೇತುವೆ ಹತ್ತಿ ಇಳಿಯುವುದು ದಿನದ ದಾರಿ. ಮೊಣಕಾಲು ಮಾತಾಡಲು ಶುರುಮಾಡಿದ ವಯಸ್ಸು ನನ್ನದು. ಹೊಸ ಗೇರ್ ಸೈಕಲ್ ತಗೊಳ್ಳಿ ಅಂತ ಮನೆಯಲ್ಲಿ ಹೇಳಿದರು. ನನಗೆ ಮಾತ್ರ ಅಪ್ಪನ ಕಾಲದ ಕರಿ ಸೈಕಲ್ಲೇ ಬೇಕು. ಪೂರ್ತಿ ಚೈನ್ ಕವರ್ ಇದೆ, ಬಿಳಿ ಪ್ಯಾಂಟಿಗೂ ಎಣ್ಣೆ ತಾಗುವುದಿಲ್ಲ. ಹೊರಗೇರಿನ ಸೈಕಲ್ಲಿನಲ್ಲಿ ಚೈನು ಅತ್ತಿತ್ತ ಸರಿಯಬೇಕು, ಅಂಥ ಕವರ್ ಕೂಡಿಸಲು ಜಾಗವೇ ಇಲ್ಲ. ಹಬ್ ಗೇರಿನಲ್ಲಿ ಚೈನು ಸಾದಾ ಸೈಕಲ್ಲಿನ ಹಾಗೆ ಒಂದೇ ಗೆರೆಯಲ್ಲಿ ಓಡುತ್ತದೆ. ಗೇರೆಲ್ಲ ಹಿಂಚಕ್ರದ ಹೊಟ್ಟೆಯೊಳಗೆ. ಹೀಗಾಗಿ ಹೊರದೇಶದಲ್ಲಿರುವ ಅಣ್ಣನ ಮಗ ಊರಿಗೆ ಬರುವಾಗ ಒಂದು ಮೂರು ಗೇರಿನ ಹಬ್ ತರಿಸಿಕೊಂಡೆ. ಕಂಪನಿ ಹೆಸರು ಬೇಡ. ಹಣ ಎಷ್ಟಾಯಿತು ಅಂದರೆ, ಎಲ್ಲ ಸೇರಿ ಒಂದು ಹೊಸ ಸಾದಾ ಸೈಕಲ್ ಬರುತ್ತಿತ್ತು.

ಇದೇನೂ ನಿನ್ನೆ ಮೊನ್ನೆಯ ಸಾಮಾನಲ್ಲ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಸ್ಟರ್ಮಿ ಆರ್ಚರ್ ಕಂಪನಿ 1902ರಲ್ಲೇ ಶುರುವಾಯಿತು. ಅವರ ಎಡಬ್ಲ್ಯೂ ಎಂಬ ಮೂರು ಗೇರಿನ ಹಬ್ 1936ರಲ್ಲಿ ಬಂತು. ಈಗ ಆ ಹೆಸರು ತೈವಾನಿನವರ ಕೈಯಲ್ಲಿದೆ. ಒಳಗಿನ ಉಪಾಯ ಬಹಳ ಬದಲಾಗಿಲ್ಲ. ಅಚ್ಚಿನ ಮೇಲೆ ತಿರುಗದೆ ಕೂತ ಒಂದು ಹಲ್ಲಿನ ಚಕ್ರ, ಅದರ ಸುತ್ತ ಓಡಾಡುವ ಪುಟ್ಟ ಚಕ್ರಗಳು, ಎಲ್ಲಕ್ಕೂ ಹೊರಗೆ ಒಳಹಲ್ಲಿನ ಒಂದು ಬಳೆ. ಚೈನು ಬಳೆಯನ್ನು ತಿರುಗಿಸಿ, ಪುಟ್ಟ ಚಕ್ರಗಳ ಚೌಕಟ್ಟು ಹಬ್ಬನ್ನು ತಿರುಗಿಸಿದರೆ ಗೇರ್ ಹಗುರ. ಅದನ್ನೇ ಉಲ್ಟಾ ಮಾಡಿದರೆ ಭಾರ, ಆದರೆ ವೇಗ. ನಡುವಿನದರಲ್ಲಿ ಚೈನಿನ ತಿರುಗು ನೇರ ಹಬ್ಬಿಗೇ. ಎಡಬ್ಲ್ಯೂನಲ್ಲಿ ಮೊದಲ ಗೇರ್ ನಡುವಿನದಕ್ಕಿಂತ ಕಾಲು ಭಾಗ ಹಗುರ, ಮೂರನೆಯದು ಮೂರನೇ ಒಂದು ಭಾಗ ಭಾರ. ನನ್ನದೂ ಹತ್ತಿರ ಹತ್ತಿರ ಅಷ್ಟೇ.

ಕೂಡಿಸುವುದು ಸುಲಭವಿರಲಿಲ್ಲ. ನಮ್ಮ ಕರಿ ಸೈಕಲ್ಲಿನ ಹಿಂದಿನ ರಿಮ್ಮಿಗೆ 40 ತೂತು, ಮುಂದಿನದಕ್ಕೆ 32. ಈ ಹಬ್ಬಿಗೆ 36. ಶಹಾಪುರದ ಮೇಸ್ತ್ರಿ ಹಬ್ಬನ್ನು ತಿರುಗಿಸಿ ತಿರುಗಿಸಿ ನೋಡಿ, "ನಾಕು ತೂತು ಖಾಲಿ ಬಿಡೂಣ್ರಿ, ಏನಾಗೂದಿಲ್ಲ" ಅಂದ. ಹಾಗೇ ಮಾಡಿದ. ಹೊಸದರಲ್ಲಿ ಬೆಂಡ್ ತೆಗೆಸಬೇಕಾಯಿತು, ಆಮೇಲೆ ಚಕ್ರ ಅಲ್ಲಾಡಿಲ್ಲ. ಅವನದೇ ಇನ್ನೊಂದು ಒಳ್ಳೆಯ ಕೆಲಸ, ಹಿಂದಿನ ಹಲ್ಲುಚಕ್ರ. ಮೊದಲು 18 ಹಲ್ಲಿನದಿತ್ತು. ಈಗ 22 ಹಲ್ಲಿನದು ಹಾಕಿದ್ದಾನೆ. ಒಂದು ಸ್ಪ್ರಿಂಗ್ ರಿಂಗ್ ತೆಗೆದು ಹಾಕುವಷ್ಟೇ ಕೆಲಸ. ಇದರಿಂದ ಮೂರನೇ ಗೇರು ಹಳೆಯ ಸೈಕಲ್ಲಿಗಿಂತ ತುಸು ಭಾರ, ಉಳಿದೆರಡೂ ಹಗುರ. ಯಾರಾದರೂ ಹಾಕಿಸುವುದಿದ್ದರೆ ಇದನ್ನು ಮರೆಯಬೇಡಿ. ಹಳೆಯ ಹಲ್ಲುಚಕ್ರದ ಮೇಲೆ ಮೂರನೇ ಗೇರ್ ಇಳಿಜಾರಿಗೆ ಬಿಟ್ಟರೆ ಬೇರೆಲ್ಲೂ ಉಪಯೋಗವಿಲ್ಲ.

ದಿನಾ ಬೆಳಿಗ್ಗೆ ಟಾಯರ್ ಹಿಸುಕಿ ನೋಡುತ್ತೇನೆ, ಹಳೆ ಬನಿಯನ್ ತುಂಡಿನಿಂದ ಕವರ್ ಒರೆಸುತ್ತೇನೆ, ಹಿಡಿಕೆಯನ್ನು ಎರಡಕ್ಕೆ ಇಟ್ಟು ಹಿಂದೆ ಬಗ್ಗುತ್ತೇನೆ. ಅಚ್ಚಿನ ಬಲಗಡೆ, ಹಿಡಿಕೆಯ ಕೇಬಲ್ ಬಂದು ಸೇರುವಲ್ಲಿ, ಒಂದು ಡಬ್ಬಿ ಇದೆ, ಅದಕ್ಕೊಂದು ಪುಟ್ಟ ಕಿಟಕಿ. ಒಳಗಿನ ಗೆರೆ ಎರಡು ಗೆರೆಗಳ ನಡುವೆ ಕಂಡರೆ ಕೇಬಲ್ ಸರಿ ಇದೆ. ಇಲ್ಲದಿದ್ದರೆ ಕೈಯಲ್ಲೇ ತಿರುಪು ತಿರುಗಿಸಿ ತರುವುದು. ಆಮೇಲೆ ಸೇತುವೆಯ ಬುಡ. ಇಲ್ಲಿ ಒಂದು ಕೈಚಳಕ ಬೇಕು. ಗೇರ್ ಇಳಿಸುವಾಗ ಕಾಲಿನ ಒತ್ತು ಅರೆಕ್ಷಣ ಬಿಡಬೇಕು. ಬಿಟ್ಟರೆ ಟಕ್ ಅಂತ ಕೂಡುತ್ತದೆ. ಒತ್ತಿ ಹಿಡಿದೇ ತಿರುಗಿಸಿದರೆ ಹಠ ಮಾಡುತ್ತದೆ. ಇದು ಕಾಲಿಗೆ ರೂಢಿಯಾದ ಮೇಲೆ ಸೇತುವೆ ಹತ್ತುವುದೇ ಒಂದು ಖುಷಿ. ಇಳಿಯುವಾಗ ಮೂರಕ್ಕೆ ಹಾಕಿದರೆ ಹಬ್ ಟಿಕ್ ಟಿಕ್ ಅನ್ನುತ್ತದೆ. ಅಂಗಡಿಯ ಹುಡುಗ ಕೇಳಿದ್ದ: "ಕಾಕಾ, ಇದರಾಗ ಗಡಿಯಾರ ಇಟ್ಟಾರೇನ್ರಿ?"

ಬೆಳಗಾವಿಯ ಮಳೆಯಲ್ಲಿ ಇದು ಗೆದ್ದಿದೆ. ಜೂನ್‌ನಿಂದ ರಸ್ತೆಯೆಲ್ಲ ರಾಡಿ. ಪಕ್ಕದ ಮನೆಯ ಹುಡುಗನ ಗೇರ್ ಸೈಕಲ್ಲಿನ ಹಿಂಬದಿಯನ್ನು ಆಗ ನೋಡಬೇಕು, ಕೆಸರು ಮೆತ್ತಿ ಕರಕರ ಅನ್ನುತ್ತಿರುತ್ತದೆ. ನನ್ನದರಲ್ಲಿ ಕೆಸರು ಕೂರಲು ಗೇರೇ ಹೊರಗಿಲ್ಲ.

ಪಂಚರ್ ಆದರೆ ಹಿಂಚಕ್ರ ಬಿಚ್ಚುವುದು ಕಷ್ಟ ಅಂತ ಹಬ್ ಗೇರಿಗೆ ಎಲ್ಲರೂ ಹೆದರಿಸುತ್ತಾರೆ. ನಿಜ, 15ರ ಪಾನಾ ಬೇಕು, ಕೇಬಲ್ ಡಬ್ಬಿ ಕಳಚಬೇಕು, ಎಡಬಲದ ವಾಶರ್ ಅದಲು ಬದಲಾಗಬಾರದು. ಆದರೆ ನಮ್ಮ ಪಂಚರ್ ಅಂಗಡಿಯವರು ಚಕ್ರ ಬಿಚ್ಚುವುದು ಯಾವಾಗ? ಟಾಯರನ್ನು ಒಂದು ಕಡೆಯಿಂದ ಎಬ್ಬಿಸಿ, ಟ್ಯೂಬ್ ಹೊರಗೆಳೆದು, ನೀರಿನ ಬುಟ್ಟಿಯಲ್ಲಿ ಗುಳ್ಳೆ ನೋಡಿ, ಪ್ಯಾಚ್ ಹಚ್ಚಿ ಒಳಗೆ ತಳ್ಳುತ್ತಾರೆ. ಚಕ್ರ ಇದ್ದಲ್ಲೇ ಇರುತ್ತದೆ. ಟ್ಯೂಬೇ ಬದಲಿಸಬೇಕಾದಾಗ ಮಾತ್ರ ಪಾನಾ ಹುಡುಕುವ ಪಾಡು.

ನನಗೆ ನಿಜವಾಗಿ ಕಾಟ ಕೊಟ್ಟಿದ್ದು ಆ ಕಿಟಕಿಯ ಡಬ್ಬಿ. ಅಷ್ಟು ಗಟ್ಟಿ ಹಬ್ ಮಾಡಿದವರು, ಅದನ್ನು ಆಡಿಸುವ ಡಬ್ಬಿಯನ್ನು ಪ್ಲಾಸ್ಟಿಕ್ಕಿನದು ಮಾಡಿ ಅಚ್ಚಿನ ತುದಿಗೆ ಹೊರಚಾಚಿ ಕೂರಿಸಿದ್ದಾರೆ. ಸೈಕಲ್ಲಿನಲ್ಲಿ ಮೊದಲು ಏಟು ತಿನ್ನುವ ಜಾಗವೇ ಅದು. ನನ್ನ ವಿಷಯದಲ್ಲಿ ಇನ್ನೊಂದು ಸೇರಿಕೊಂಡಿತು. ಕರಿ ಸೈಕಲ್ಲಿನ ಡಬಲ್ ಸ್ಟ್ಯಾಂಡ್ ಹಿಂದಿನ ಅಚ್ಚಿಗೇ ಬಿಗಿಯುವಂಥದ್ದು. ಹಬ್ಬಿನ ಅಚ್ಚು ಅಷ್ಟು ಉದ್ದವಿಲ್ಲ. ಸ್ಟ್ಯಾಂಡ್ ಹೋಯಿತು, ಸೈಡ್ ಸ್ಟ್ಯಾಂಡ್ ಬಂತು. ಸೈಕಲ್ ಎಡಕ್ಕೆ ವಾಲಿ ನಿಂತರೆ ಬಲಗಡೆಯ ಡಬ್ಬಿ ಊರಿಗೆಲ್ಲ ಮುಖ ಮಾಡಿ ಕೂರುತ್ತದೆ. ರವಿವಾರ ಪೇಟೆಯಲ್ಲಿ ಸೈಕಲ್ ನಿಲ್ಲಿಸಲು ಸಿಗುವ ಜಾಗ ಎಷ್ಟು ಅಂತ ಗೊತ್ತಲ್ಲ. ಒಂದು ದಿನ ಕೈಗಾಡಿ ಉಜ್ಜಿಕೊಂಡು ಹೋಯಿತು. ಡಬ್ಬಿ ಸೀಳಿತು, ಅಚ್ಚಿನೊಳಗೆ ಹೋಗುವ ತೆಳು ಕಡ್ಡಿ ಬಾಗಿತು. ಗೇರ್ ಸರಿಯಾಗಿ ಕೂಡಲೇ ಇಲ್ಲ. ಮಾರಿದ ಕಂಪನಿಗೆ ಬರೆದರೆ, ನಿಮ್ಮ ದೇಶಕ್ಕೆ ಬಿಡಿ ಭಾಗ ಕಳಿಸುವುದಿಲ್ಲ ಅಂತ ಒಂದು ಸಾಲಿನ ಉತ್ತರ.

ಅಲ್ಲಿಂದ ನನ್ನ ಪ್ರೀತಿ ಸ್ವಲ್ಪ ಇಳಿದಿದೆ. ಕಡ್ಡಿಯನ್ನೇನೋ ಉದ್ಯಮಬಾಗದ ಒಂದು ಲೇತಿನಲ್ಲಿ ಹಳೆಯದರ ಅಳತೆಗೆ ಮಾಡಿಸಿದೆ. ಪಂಪು, ವಾಲ್ವು ಮಾಡುವ ಕೈಗಳಿಗೆ ಇದು ಚಹಾ ಕುಡಿಯುವಷ್ಟರ ಕೆಲಸ. ಡಬ್ಬಿ ಮಾತ್ರ ಅಣ್ಣನ ಮಗ ಮುಂದಿನ ರಜೆಗೆ ಬರುವವರೆಗೆ ಸಿಗಲಿಲ್ಲ. ಅಲ್ಲಿಯವರೆಗೆ ಸೀಳಿದ್ದಕ್ಕೇ ಸರಿಗೆ ಸುತ್ತಿ ಓಡಿಸಿದೆ. ಈಗ ಹೊಸ ಡಬ್ಬಿಯ ಸುತ್ತ ಬಾಗಿಸಿದ ಕಬ್ಬಿಣದ ಪಟ್ಟಿ ಹಾಕಿಸಿದ್ದೇನೆ. ನೋಡಲು ಚೆನ್ನಾಗಿಲ್ಲ. ಏಟು ಬಿದ್ದರೆ ಪಟ್ಟಿಗೆ ಬೀಳಲಿ.

ಮೂರು ಗೇರ್ ಸಾಕಾ? ಊರೊಳಗೆ ಧಾರಾಳ. ಯಳ್ಳೂರಿನವರೆಗೂ ಆರಾಮ. ರಾಜಹಂಸಗಡದ ಕೊನೆಯ ಏರು ಬಂದಾಗ ನಾನು ಇಳಿದು ತಳ್ಳುತ್ತೇನೆ. ಅದಕ್ಕೆ ಎಂಟು ಗೇರಿನದು ಬೇಕು. ಶಿಮಾನೊದ ನೆಕ್ಸಸ್ ಎಂಟರಲ್ಲಿ ಕೊನೆಯ ಗೇರು ಮೊದಲನೆಯದರ ಮೂರು ಪಟ್ಟು. ಜರ್ಮನಿಯ ರೋಲಾಫ್‌ನಲ್ಲಿ 14 ಗೇರು, ಐದು ಪಟ್ಟಿಗೂ ಮೇಲೆ. ಆ ಹಣಕ್ಕೆ ಇಲ್ಲಿ ಮೋಟರ್‌ಸೈಕಲ್ಲೇ ಬರುತ್ತದೆ, ಬಿಡಿ.

ಹಾಕಿಸುವುದೇ ಆದರೆ ಹಬ್ ಜೊತೆಗೇ ಇನ್ನೊಂದು ಡಬ್ಬಿ, ಇನ್ನೊಂದು ಕಡ್ಡಿ ತರಿಸಿಕೊಳ್ಳಿ. ಕೇಬಲ್ ಇಲ್ಲೇ ಸಿಗುತ್ತದೆ, ಸಾಮಾನ್ಯ ಗೇರ್ ಸೈಕಲ್ಲಿನದೇ ನಡೆಯುತ್ತದೆ. ಬ್ರೇಕ್ ಕೇಬಲ್ ದಪ್ಪ, ಅದು ಬೇಡ. ಹಾಲಿನ ಕ್ಯಾನು, ಹಿಟ್ಟಿನ ಚೀಲ ಕಟ್ಟಿ ಓಡಾಡುವವರಿಗೆ ಮಾತ್ರ ನಾನು ಇದನ್ನು ಹೇಳುವುದಿಲ್ಲ. ಅವರಿಗೆ ಗೇರಿಗಿಂತ ಡಬಲ್ ಸ್ಟ್ಯಾಂಡ್ ಮುಖ್ಯ.