ರೋಸ್ಕಿಲ್ಡೆ ಫಿಯೋರ್ಡಿನಲ್ಲಿ ಟ್ರೌಟ್ ಹಿಡಿಯಲು ಹೊರಟವರು ಇದನ್ನೊಮ್ಮೆ ಓದಿ

ಕೋಪನ್‌ಹೇಗನ್ ಸುತ್ತಮುತ್ತಲಿನ ನಮ್ಮ ಕನ್ನಡದವರಲ್ಲಿ ನಾಲ್ಕೈದು ಮಂದಿ ಈ ಚಳಿಗಾಲಕ್ಕೆಂದು ಗಾಳ, ರೀಲು ಎಲ್ಲ ಕೊಂಡಿದ್ದಾರಂತೆ. ಅವರಿಗಾಗಿ ಬರೆಯುತ್ತಿದ್ದೇನೆ. ಹೋಗಬೇಡಿ ಅನ್ನುತ್ತಿಲ್ಲ. ಕಳೆದ ಜನವರಿಯಲ್ಲಿ ನಾನು ಹೋದ ಹಾಗೆ ಹೋಗಬೇಡಿ, ಅಷ್ಟೇ.

ನಾನು ಕುಂದಾಪುರದವನು. ಗಂಗೊಳ್ಳಿ ಅಳಿವೆಯ ಪಕ್ಕ ಬೆಳೆದವನಿಗೆ ಉಬ್ಬರ, ಇಳಿತ ಯಾರೂ ಹೇಳಿಕೊಡಬೇಕಾಗಿಲ್ಲ. ಸುಮಾರು ಆರು ಗಂಟೆ ಏರುತ್ತದೆ, ಆರು ಗಂಟೆ ಇಳಿಯುತ್ತದೆ, ಹುಣ್ಣಿಮೆ ಅಮಾವಾಸ್ಯೆಗೆ ಜೋರು. ಈ ತಿಳಿವಳಿಕೆಯೇ ನನ್ನನ್ನು ಮುಳುಗಿಸಿತು.

ಮೊದಲು ಮೀನಿನ ವಿಷಯ. ಇಲ್ಲಿನ ಕಡಲ ಟ್ರೌಟ್ ಹೊಳೆಯಲ್ಲಿ ಹುಟ್ಟಿ, ಕಡಲಲ್ಲಿ ಕೊಬ್ಬಿ, ಮೊಟ್ಟೆಯಿಡಲು ಹೊಳೆಗೇ ಮರಳುವ ಮೀನು. ನೀರು ತೀರಾ ತಣ್ಣಗಾದರೆ ಅದರ ಮೈಗೆ ಹೆಚ್ಚಿನ ಉಪ್ಪನ್ನು ಹೊರಹಾಕುವುದು ಕಷ್ಟವಾಗುತ್ತದೆ. ಹಾಗಾಗಿ ಚಳಿಗಾಲದಲ್ಲಿ ಎಷ್ಟೋ ಮೀನು ಉಪ್ಪು ಕಡಿಮೆಯಿರುವ ಫಿಯೋರ್ಡುಗಳ (ನೆಲದೊಳಗೆ ಚಾಚಿದ ಕಡಲ ತೋಳುಗಳ) ಒಳಗೆ ಬರುತ್ತವೆ. ರೋಸ್ಕಿಲ್ಡೆ ಫಿಯೋರ್ಡ್ ಅಂಥದ್ದು. ಮಧ್ಯಾಹ್ನ ಸ್ವಲ್ಪ ಬಿಸಿಲು ಬಿದ್ದರೆ ಮೀನು ದಡದ ಹತ್ತಿರಕ್ಕೂ ಬರುತ್ತದೆ ಎಂದು ಇಲ್ಲಿನವರು ಹೇಳುತ್ತಾರೆ. ನಾನು ಅದನ್ನು ಕೇಳಿಸಿಕೊಂಡೂ ದಡದಿಂದ ನೂರು ಮೀಟರ್ ಆಚೆ ಹೋದೆ.

ಶಿವಮೊಗ್ಗದ ಗೆಳೆಯನೊಬ್ಬ ಜೊತೆಗೆ ಬರಬೇಕಿತ್ತು. ಬೆಳಿಗ್ಗೆ ಮಗುವಿಗೆ ಜ್ವರ ಅಂದ. ಒಬ್ಬನೇ ಹೊರಟೆ. ಎದೆಮಟ್ಟ ಬರುವ ರಬ್ಬರಿನ ವೇಡರ್, ಅಂದರೆ ನೀರಿಗಿಳಿಯಲು ಹಾಕುವ ಬೂಟು ಸೇರಿದ ಪ್ಯಾಂಟ್, ಯಾರದೋ ಕೈಯಿಂದ ಹಳೆಯದು ಕೊಂಡಿದ್ದೆ, ಸೊಂಟದ ಬೆಲ್ಟ್ ಇರಲಿಲ್ಲ. ಬೆಲ್ಟ್ ಯಾಕೆ, ಪ್ಯಾಂಟ್ ಜಾರುವುದಿಲ್ಲವಲ್ಲ ಅಂದುಕೊಂಡೆ. ನಗಬೇಡಿ.

ನೀರು ತುಂಬ ಹಿಂದೆ ಸರಿದಿತ್ತು. ಯಾವಾಗಲೂ ಮುಳುಗಿರುವ ಕಲ್ಲುಗಳು ಹೊರಗೆ ಕಾಣುತ್ತಿದ್ದವು. 'ಪೂರ್ತಿ ಇಳಿತ, ಮೂರು ನಾಲ್ಕು ಗಂಟೆ ಚಿಂತೆಯಿಲ್ಲ' ಅಂತ ಲೆಕ್ಕ ಹಾಕಿದೆ. ದಡದ ಪಕ್ಕದ ತಗ್ಗನ್ನು ಮೊಣಕಾಲಿಗಿಂತ ಸ್ವಲ್ಪ ಮೇಲಿನ ನೀರಿನಲ್ಲಿ ದಾಟಿ, ಆಚೆಯ ಮರಳದಿಬ್ಬದ ಮೇಲೆ ನಿಂತೆ.

ನನಗೆ ಗೊತ್ತಿಲ್ಲದಿದ್ದದ್ದು ಇದು: ಆ ಫಿಯೋರ್ಡಿನಲ್ಲಿ ಚಂದ್ರನ ಲೆಕ್ಕದ ಏರಿಳಿತ ಒಂದು ಗೇಣಿನಷ್ಟೂ ಇಲ್ಲ. ಅಲ್ಲಿ ನೀರನ್ನು ಆಳುವುದು ಗಾಳಿ. ಫಿಯೋರ್ಡಿನ ಬಾಯಿ ಉತ್ತರಕ್ಕೆ, ಕಾಟೆಗಾಟ್ ಕಡಲಿನ ಕಡೆಗೆ. ದಕ್ಷಿಣದ ಗಾಳಿ ಎರಡು ದಿನ ಬೀಸಿದರೆ ನೀರು ಹೊರಗೆ, ವಾಯವ್ಯದ ಗಾಳಿ ಎದ್ದರೆ ಒಳಗೆ. ಗಡಿಯಾರವಿಲ್ಲ, ತಿಥಿಯಿಲ್ಲ. 2013ರ ಡಿಸೆಂಬರಿನ ಬೋಡಿಲ್ ಬಿರುಗಾಳಿಗೆ ರೋಸ್ಕಿಲ್ಡೆಯಲ್ಲಿ ನೀರು ಮಾಮೂಲಿಗಿಂತ ಎರಡು ಮೀಟರಿನಷ್ಟು ಏರಿತ್ತು. ನಾನು ಹೋದ ದಿನ ಬಿರುಗಾಳಿಯೇನೂ ಇರಲಿಲ್ಲ. ಹನ್ನೆರಡರ ಹೊತ್ತಿಗೆ ಗಾಳಿ ತಿರುಗಿತು, ನನಗೆ ಗೊತ್ತಾದದ್ದು ಕೆನ್ನೆ ಉರಿಯತೊಡಗಿದ್ದರಿಂದ. ಗಾಳದ ರಾಡಿನ ಉಂಗುರಗಳಲ್ಲಿ ಮಂಜುಗಡ್ಡೆ ಕಟ್ಟುತ್ತಿತ್ತು, ಅದನ್ನು ಬಾಯಿಂದ ಊದಿ ಕರಗಿಸುವುದರಲ್ಲೇ ಮುಳುಗಿದ್ದೆ. ಒಂದು ಮೀನು ಕಚ್ಚಿ ಬಿಟ್ಟಿತ್ತು ಬೇರೆ.

ಮೂರು ಗಂಟೆಗೆ ವಾಪಸು ಹೊರಟಾಗ ತಗ್ಗಿನಲ್ಲಿ ನೀರು ಸೊಂಟ ದಾಟಿತ್ತು. ಪಾಚಿ ಹಿಡಿದ ಕಲ್ಲಿನ ಮೇಲೆ ಕಾಲಿಟ್ಟೆ, ಜಾರಿತು.

ಎರಡು ಮೂರು ಡಿಗ್ರಿ ನೀರು ಅಂದರೆ ಏನು ಅಂತ ಮಾತಿನಲ್ಲಿ ಹೇಳಲಾರೆ. ಉಸಿರು ನನ್ನ ಮಾತು ಕೇಳಲಿಲ್ಲ, ತಾನಾಗಿಯೇ ಬಾಯಿ ತೆರೆದು ಗಾಳಿ ಎಳೆಯಿತು. ಆ ಎಳೆತದ ಹೊತ್ತಿಗೆ ಮುಖ ನೀರೊಳಗಿದ್ದರೆ ಕಥೆ ಮುಗಿದ ಹಾಗೆ. ಈಜು ಬರುತ್ತದೆ ಅನ್ನುವುದು ಆ ಮೊದಲ ನಿಮಿಷದಲ್ಲಿ ಯಾವ ಕೆಲಸಕ್ಕೂ ಬಾರದು. ಆಮೇಲೆ ಓದಿ ತಿಳಿದದ್ದು: ಉಸಿರು ಹತೋಟಿಗೆ ಬರಲು ಸುಮಾರು ಒಂದು ನಿಮಿಷ, ಕೈಕಾಲು ಹೇಳಿದ ಹಾಗೆ ಕೇಳುವುದು ಹತ್ತು ನಿಮಿಷ, ಪ್ರಜ್ಞೆ ತಪ್ಪಲು ಸುಮಾರು ಒಂದು ಗಂಟೆ. ನನ್ನ ಪುಣ್ಯ, ತಗ್ಗು ಅಗಲವಿರಲಿಲ್ಲ. ರಾಡ್ ಬಿಟ್ಟುಬಿಟ್ಟೆ. ಕಾಲಿಗೆ ನೆಲ ಸಿಕ್ಕಿತು.

ವೇಡರಿನೊಳಗೆ ನೀರು ತುಂಬಿದರೆ ತಳಕ್ಕೆ ಎಳೆಯುತ್ತದೆ ಅನ್ನುತ್ತಾರೆ. ಹಾಗೇನಿಲ್ಲ, ನೀರಿನೊಳಗೆ ನೀರಿಗೆ ಭಾರವಿಲ್ಲ. ಕಷ್ಟ ಶುರುವಾಗುವುದು ಮೇಲೆ ಏಳುವಾಗ. ಎರಡು ಕಾಲಿಗೂ ತುಂಬಿದ ಕೊಡ ಕಟ್ಟಿದಂತೆ. ನಡೆಯಲಾಗದೆ ಮಂಡಿಯೂರಿ, ಕೈಯೂರಿ ದಡ ಸೇರಿದೆ. ಬೆಲ್ಟ್ ಬಿಗಿದಿದ್ದರೆ ಅಷ್ಟು ನೀರು ಒಳಗೆ ಹೋಗುತ್ತಿರಲಿಲ್ಲ.

ಕಾರಿನ ಹತ್ತಿರ ಬಂದರೆ ಕೀಲಿಯ ಗುಂಡಿ ಒತ್ತಲು ಬೆರಳು ಬಾಗಲಿಲ್ಲ. ಫೋನು ಒಳಜೇಬಿನಲ್ಲಿ ನೆನೆದು ಸತ್ತಿತ್ತು, 112ಕ್ಕೆ ಕರೆ ಮಾಡುವ ದಾರಿಯೂ ಇಲ್ಲ. ನಾಯಿ ಕರೆದುಕೊಂಡು ಹೊರಟಿದ್ದ ಒಬ್ಬ ಅಜ್ಜ ಬಾಗಿಲು ತೆಗೆದು, ಒದ್ದೆ ಬಟ್ಟೆ ಎಳೆದು ಬಿಚ್ಚಿ, ಹೀಟರ್ ಹಾಕಿ ಕೂರಿಸಿದರು. ಕೈ ಉಜ್ಜಿಕೊಳ್ಳಲು ಹೋದರೆ ತಡೆದರು. ಬೈಯಲೂ ಇಲ್ಲ, ಅದೇ ಹೆಚ್ಚು ನಾಚಿಕೆಯಾಯಿತು.

ಬೈದದ್ದು ಅಪ್ಪಯ್ಯ, ಊರಿಂದ ಫೋನಿನಲ್ಲಿ. "ಗಾಳಿ ಕಾಣ್ದೆ ನೀರಿಗಿಳಿದ್ಯಾ? ನಮ್ಮಲ್ಲಿ ಮಳೆಗಾಲದಲ್ಲಿ ದೋಣಿಯವ್ರು ಮೊದ್ಲು ಕಾಂಬುದ್ ಎಂತ?" ಉತ್ತರ ಕೊಡಲಿಲ್ಲ.

ಈಗ ಹೊರಡುವ ಮುನ್ನ ಡೆನ್ಮಾರ್ಕಿನ ಹವಾಮಾನ ಸಂಸ್ಥೆ ಡಿಎಮ್‌ಐ ಕೊಡುವ ನೀರಿನ ಮಟ್ಟದ ಮುನ್ಸೂಚನೆ ನೋಡುತ್ತೇನೆ, ಗಾಳಿಯ ದಿಕ್ಕನ್ನೂ. ಬೆಲ್ಟ್ ಇದೆ. ನೀರು ತಾಗಿದರೆ ತಾನೇ ಉಬ್ಬುವ ಲೈಫ್ ಜಾಕೆಟ್ ಇದೆ. ಫೋನು ನೀರು ಹೋಗದ ಚೀಲದಲ್ಲಿ ಕುತ್ತಿಗೆಗೆ. ಒಣಬಟ್ಟೆ ಕಾರಿನಲ್ಲಿ. ಮೊಣಕಾಲಿಗಿಂತ ಮೇಲೆ ಬರುವ ನೀರಿಗೆ ಇಳಿಯುವುದಿಲ್ಲ. ಮೈ ಬೆಚ್ಚಗಾಗಲಿ ಅಂತ ಯಾರಾದರೂ ಬಾಟಲಿ ತಂದರೆ ಅವರ ಜೊತೆ ಹೋಗುವುದೇ ಇಲ್ಲ, ಮದ್ಯ ಕುಡಿದರೆ ಮೈಯ ಶಾಖ ಇನ್ನೂ ಬೇಗ ಸೋರುತ್ತದೆ. ಲೈಸೆನ್ಸ್ ಮಾಡಿಸಿಕೊಳ್ಳಿ. ಹೊಳೆಬಾಯಿಗಳ ಸುತ್ತ 500 ಮೀಟರ್ ಮೀನು ಹಿಡಿಯಬಾರದ ಜಾಗಗಳಿವೆ, ನಕ್ಷೆ ನೋಡಿಕೊಳ್ಳಿ. 40 ಸೆಂಟಿಮೀಟರಿಗಿಂತ ಚಿಕ್ಕದು ಸಿಕ್ಕರೆ ಬಿಟ್ಟುಬಿಡಿ.

ಶಿವಮೊಗ್ಗದ ಗೆಳೆಯ ಮುಂದಿನ ಶನಿವಾರ ಬರುತ್ತೇನೆ ಅಂದಿದ್ದಾನೆ. ಅವನು ಬರದಿದ್ದರೆ ನಾನೂ ಹೋಗುವುದಿಲ್ಲ.